ಲೈಸೆನ್ಸ್ ಕೊಟ್ಟವರು ಉತ್ತರವನ್ನೂ ಕೊಡಬೇಕು

ಮಾನ್ಯ ಸಂಪಾದಕರೇ,

ಆನ್‌ಲೈನ್ ಬೆಟ್ಟಿಂಗ್ ಅಂದರೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಸಾಲಕ್ಕೆ ಸಿಕ್ಕಿಕೊಂಡವರ ಸುದ್ದಿ, ಇಲ್ಲವೇ ಪೊಲೀಸ್ ದಾಳಿಯ ಸುದ್ದಿ. ಆಡಿದವನು ಸೋತ, ದುಡ್ಡು ಹೋಯಿತು ಎಂದು ಓದಿ ಪುಟ ತಿರುಗಿಸುತ್ತೇವೆ. ಆದರೆ ಸೋಲದವನ ದುಡ್ಡೂ ಹೋಗಬಹುದು. ಬೆಟ್ಟಿಂಗ್ ನಡೆಸುವ ಕಂಪನಿಯೇ ಮುಳುಗಿದಾಗ ಹಾಗಾಗುತ್ತದೆ. ಬ್ರಿಟನ್ನಿನ ಫುಟ್‌ಬಾಲ್ ಇಂಡೆಕ್ಸ್ ಎಂಬ ಬೆಟ್ಟಿಂಗ್ ಕಂಪನಿ 2021ರ ಮಾರ್ಚ್‌ನಲ್ಲಿ ಮುಳುಗಿದ್ದು ನಮ್ಮಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ನನಗೆ ಅದು ಬಹಳ ಕಾಡಿದ ವಿಷಯ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

2015ರಲ್ಲಿ ಶುರುವಾದ ಈ ಕಂಪನಿ ತಾನು ‘ಫುಟ್‌ಬಾಲ್ ಷೇರುಪೇಟೆ’ ಎಂದು ಹೇಳಿಕೊಳ್ಳುತ್ತಿತ್ತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಬ್ರೂನೊ ಫರ್ನಾಂಡಿಸ್ ಮೇಲೆ ನಿಮಗೆ ಭರವಸೆ ಇದೆ ಅಂದುಕೊಳ್ಳಿ. ಆ್ಯಪ್‌ನಲ್ಲಿ ಅವನ ‘ಷೇರು’ ಕೊಳ್ಳಬಹುದಿತ್ತು. ಅವನು ಚೆನ್ನಾಗಿ ಆಡಿದರೆ, ಅಥವಾ ಅವತ್ತು ಸುದ್ದಿಯಲ್ಲಿ ಮಿಕ್ಕವರಿಗಿಂತ ಮುಂದಿದ್ದರೆ, ನಿಮಗೆ ಡಿವಿಡೆಂಡ್, ಅಂದರೆ ಲಾಭಾಂಶ. ಬೆಲೆ ಏರಿದಾಗ ಇನ್ನೊಬ್ಬರಿಗೆ ಮಾರಬಹುದು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಕಾನೂನಿನ ಪ್ರಕಾರ ಅದು ಷೇರೇ ಅಲ್ಲ, ಮೂರು ವರ್ಷದ ಒಂದು ಬೆಟ್. ಆಟಗಾರನ ಸಂಬಳದಲ್ಲಾಗಲಿ, ಕ್ಲಬ್ಬಿನ ಲಾಭದಲ್ಲಾಗಲಿ ನಿಮಗೆ ಕವಡೆ ಕಾಸಿನ ಪಾಲೂ ಇಲ್ಲ. ಹಾಗಿದ್ದರೆ ಡಿವಿಡೆಂಡ್ ಎಲ್ಲಿಂದ ಬರುತ್ತಿತ್ತು? ಕಂಪನಿಯ ಕಮಿಷನ್ನಿನಿಂದ, ಮತ್ತು ಹೊಸ ಷೇರು ಮಾರಿದಾಗ ಬರುವ ದುಡ್ಡಿನಿಂದ. ಜನ ಬರುತ್ತಿರುವಷ್ಟು ದಿನ ಎಲ್ಲವೂ ಸರಿಯಾಗಿ ಕಾಣುತ್ತದೆ. ಬರುವವರು ಕಡಿಮೆಯಾದರೆ ಹಳಬರಿಗೆ ಕೊಡಲು ಏನೂ ಉಳಿಯುವುದಿಲ್ಲ.

ಆಗಿದ್ದೂ ಅದೇ. 2021ರ ಮಾರ್ಚ್ 5, ಶುಕ್ರವಾರ. ಒಂದು ಷೇರಿಗೆ ಹೆಚ್ಚೆಂದರೆ 33 ಪೆನ್ಸ್ ಇದ್ದ ಡಿವಿಡೆಂಡನ್ನು 6 ಪೆನ್ಸ್‌ಗೆ ಇಳಿಸುತ್ತೇವೆ ಎಂದು ಕಂಪನಿ ಹೇಳಿತು. ಬೆಲೆಗಳು ದಡದಡನೆ ಬಿದ್ದವು. ಮಾರಲು ಹೋದರೆ ಕೊಳ್ಳುವವರೇ ಇಲ್ಲ. ಮಾರ್ಚ್ 11ಕ್ಕೆ ವ್ಯವಹಾರ ನಿಂತಿತು, ಅಲ್ಲಿ ಜೂಜಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆಯಾದ ಗ್ಯಾಂಬ್ಲಿಂಗ್ ಕಮಿಷನ್ ಕಂಪನಿಯ ಲೈಸೆನ್ಸನ್ನು ಅಮಾನತು ಮಾಡಿತು. ಅದೇ ತಿಂಗಳು ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಮುಗಿಯದ ಬೆಟ್‌ಗಳಲ್ಲಿ ಸಿಕ್ಕಿಬಿದ್ದ ಜನರ ಹಣ ಸುಮಾರು 9 ಕೋಟಿ ಪೌಂಡ್ ಎಂದು ಆಗ ಅಂದಾಜಾಗಿತ್ತು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 900 ಕೋಟಿ ರೂಪಾಯಿ.

ಅಲ್ಲಿ ಬ್ಯಾಂಕ್ ಮುಳುಗಿದ್ದರೆ ಪ್ರತಿ ಠೇವಣಿದಾರನಿಗೆ ಆಗ 85,000 ಪೌಂಡ್‌ವರೆಗೆ ರಕ್ಷಣೆ ಇತ್ತು. ಬೆಟ್ಟಿಂಗ್‌ಗೆ ಅಂಥ ಯಾವ ರಕ್ಷಣೆಯೂ ಇಲ್ಲ. ಬೆಟ್‌ಗೆ ಹಾಕದೆ ಖಾತೆಯಲ್ಲಿ ಸುಮ್ನೆ ಬಿಟ್ಟಿದ್ದ ಹಣ ಮಾತ್ರ ಬೇರೆ ಖಾತೆಯಲ್ಲಿತ್ತು. ಷೇರು ಎಂದು ನಂಬಿ ಹಾಕಿದ್ದಕ್ಕೆ ಯಾರೂ ದಿಕ್ಕಿಲ್ಲ. ಆಟದ ಮೋಜಿಗಲ್ಲ, ಉಳಿತಾಯ ಎಂದೇ ಸಾವಿರಾರು ಪೌಂಡ್ ಇಟ್ಟವರು ಅದರಲ್ಲಿದ್ದರು.

‘ಜೂಜಾಡಿದವರು ಅನುಭವಿಸಲಿ ಬಿಡಿ’ ಎಂದು ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ಇವರು ಗಲ್ಲಿಯ ಬುಕ್ಕಿಗೆ ದುಡ್ಡು ಕೊಟ್ಟವರಲ್ಲ. ಸರ್ಕಾರದ ಲೈಸೆನ್ಸ್ ನೋಡಿ ಕೊಟ್ಟವರು. ಕ್ವೀನ್ಸ್ ಪಾರ್ಕ್ ರೇಂಜರ್ಸ್, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಂಥ ಹಳೆಯ ಕ್ಲಬ್‌ಗಳ ಜೆರ್ಸಿಯ ಎದೆಯ ಮೇಲೆ ಆ ಹೆಸರು ನೋಡಿದವರು. ತಾನು ಪ್ರೀತಿಸುವ ತಂಡ ಎದೆಯ ಮೇಲೆ ಹಾಕಿಕೊಂಡದ್ದನ್ನು ಒಬ್ಬ ಅಭಿಮಾನಿ ಯಾಕೆ ಅನುಮಾನಿಸಬೇಕು?

ನನಗೆ ಹೆಚ್ಚು ಸಿಟ್ಟು ಬರುವುದು ಅಧಿಕಾರಿಗಳ ಮೇಲೆ. ಇದು ಪಿರಮಿಡ್ ಯೋಜನೆ, ಬಹಳ ಅಪಾಯ ಎಂದು 2020ರ ಜನವರಿಯಲ್ಲೇ ಗ್ಯಾಂಬ್ಲಿಂಗ್ ಕಮಿಷನ್‌ಗೆ ಬರಹದಲ್ಲಿ ಎಚ್ಚರಿಕೆ ಹೋಗಿತ್ತು. ಲೈಸೆನ್ಸಿನ ಪರಿಶೀಲನೆ ಶುರುವಾದದ್ದು ಮೇ ತಿಂಗಳಲ್ಲಿ. ಲೈಸೆನ್ಸ್ ನಿಂತದ್ದು ಮುಂದಿನ ವರ್ಷ, ಎಲ್ಲ ಮುಗಿದ ಮೇಲೆ. ಆ ನಡುವೆಯೂ ಜನ ದುಡ್ಡು ಹಾಕುತ್ತಲೇ ಇದ್ದರು. ಇದು ಜೂಜೋ, ಹೂಡಿಕೆಯೋ? ಹೂಡಿಕೆಯಾದರೆ ನೋಡಬೇಕಾದದ್ದು ಇನ್ನೊಂದು ಸಂಸ್ಥೆ, ಹಣಕಾಸು ಕಂಪನಿಗಳ ಮೇಲೆ ಕಣ್ಣಿಡುವ ಅಲ್ಲಿನ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿ. ಎರಡು ಕಚೇರಿಗಳ ಮಧ್ಯೆ ಫೈಲು ಓಡಾಡಿತು. ಮಾಲ್ಕಮ್ ಶೀಹನ್ ಎಂಬ ವಕೀಲರ ಸ್ವತಂತ್ರ ವರದಿ 2021ರ ಸೆಪ್ಟೆಂಬರ್‌ನಲ್ಲಿ ಬಂತು. ಲೈಸೆನ್ಸ್ ಕೇಳುವಾಗ ಕಂಪನಿ ತನ್ನ ವ್ಯವಹಾರ ಎಂಥದ್ದೆಂದು ಸರಿಯಾಗಿ ತಿಳಿಸಿರಲಿಲ್ಲ ಎಂದಿತು ಆ ವರದಿ. ಎರಡೂ ಸಂಸ್ಥೆಗಳು ಇನ್ನೂ ಬೇಗ ಕೆಲಸ ಮಾಡಬಹುದಿತ್ತು ಎಂದೂ ಹೇಳಿತು. ಆದರೆ ಹಣ ಕಳೆದುಕೊಂಡವರಿಗೆ ಸರ್ಕಾರ ಪರಿಹಾರ ಕೊಡಲಿಲ್ಲ.

ಇದು ನಮಗೆ ದೂರದ ಮಾತಲ್ಲ. ಜನರಿಂದ ಹೂಡಿಕೆ ಪಡೆದು ಮುಳುಗಿದ ಬೆಂಗಳೂರಿನ ಐಎಂಎ ಬೆಟ್ಟಿಂಗ್ ಕಂಪನಿ ಆಗಿರಲಿಲ್ಲ, ನಿಜ. ಆದರೆ ಅದು ಕೂಡ ದುಡ್ಡು ಹಾಕಿದವರನ್ನು ಕಾಗದದ ಮೇಲೆ ‘ಪಾಲುದಾರರು’ ಎಂದು ತೋರಿಸಿ ಠೇವಣಿಯ ನಿಯಮಗಳಿಂದ ತಪ್ಪಿಸಿಕೊಂಡಿತ್ತು. 2019ರ ಜೂನ್‌ನಲ್ಲಿ ಶಿವಾಜಿನಗರದಲ್ಲಿ ದೂರು ಕೊಡಲು ನಿಂತ ಸಾಲುಗಳನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಠೇವಣಿದಾರರ ಹಿತ ಕಾಯುವ 2004ರ ಕಾಯ್ದೆ ರಾಜ್ಯದಲ್ಲಿ ಇದ್ದದ್ದರಿಂದ ಆಸ್ತಿ ಜಪ್ತಿ ಮಾಡಿ ಸ್ವಲ್ಪವಾದರೂ ಹಣ ಹಂಚಲು ಆಯಿತು.

ಆಮೇಲೆ ‘ಒಪಿನಿಯನ್ ಟ್ರೇಡಿಂಗ್’ ಆ್ಯಪ್‌ಗಳು ಬಂದವು. ಇವತ್ತು ಆರ್‌ಸಿಬಿ ಗೆಲ್ಲುತ್ತಾ? ಹೌದು ಅನ್ನಲು 6 ರೂಪಾಯಿ, ಇಲ್ಲ ಅನ್ನಲು 4 ರೂಪಾಯಿ, ಗೆದ್ದರೆ 10. ಇಲ್ಲೂ ಟ್ರೇಡಿಂಗ್, ಪ್ರಾಫಿಟ್, ಸ್ಟಾಪ್ ಲಾಸ್ ಎಂಬ ಅದೇ ಪೇಟೆಯ ಮಾತು. ಇವು ತನ್ನ ವ್ಯಾಪ್ತಿಗೆ ಬರುವುದಿಲ್ಲ, ಹೂಡಿಕೆದಾರರಿಗಿರುವ ರಕ್ಷಣೆ ಇಲ್ಲಿ ಸಿಗುವುದಿಲ್ಲ ಎಂದು ನಮ್ಮ ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ಆ ಎಚ್ಚರಿಕೆ ಎಷ್ಟು ಹಳ್ಳಿಗೆ ಮುಟ್ಟಿತು? ನಮ್ಮೂರಿನ ಕಾಲೇಜು ಹುಡುಗರಲ್ಲಿ ಕೇಳಿದರೆ ಒಬ್ಬನಿಗೂ ಗೊತ್ತಿರಲಿಲ್ಲ. ಆ್ಯಪ್‌ನ ಜಾಹೀರಾತು ಮಾತ್ರ ಎಲ್ಲರಿಗೂ ಗೊತ್ತಿತ್ತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು, ಅವುಗಳ ಜಾಹೀರಾತನ್ನೂ. ಒಳ್ಳೆಯದೇ ಆಯಿತು. ಆದರೆ ನಿಷೇಧದಿಂದ ಆಸೆ ಹೋಗುವುದಿಲ್ಲ. ವಿದೇಶದಲ್ಲಿ ಕೂತು ನಡೆಸುವ ಸೈಟು ನಾಳೆ ಬಾಗಿಲು ಹಾಕಿದರೆ, ಹಣ ಹಾಕಿದವನು ದೂರು ಕೊಡಲೂ ಹೆದರುತ್ತಾನೆ. ತಾನೇ ತಪ್ಪಿತಸ್ಥ ಎಂದುಕೊಳ್ಳುತ್ತಾನೆ. ಆ ಕಾಯ್ದೆ ಗುರಿ ಇಟ್ಟಿರುವುದು ಆಟ ನಡೆಸುವವರ ಮೇಲೆ, ಆಡಿದವರ ಮೇಲೆ ಅಲ್ಲ. ಇಷ್ಟನ್ನಾದರೂ ಜನರಿಗೆ ಕನ್ನಡದಲ್ಲಿ ಸರಿಯಾಗಿ ತಿಳಿಸಿದರೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವ ಧೈರ್ಯ ಬರುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇಂಥ ಕಂಪನಿಗಳ ಸುದ್ದಿ ಹಾಕುವಾಗ, ಗೆದ್ದವನಿಗೆ ಕೊಡುವ ದುಡ್ಡು ಎಲ್ಲಿಂದ ಬರುತ್ತದೆ, ಕಟ್ಟಿದ ದುಡ್ಡು ಯಾರ ಖಾತೆಯಲ್ಲಿ ಇರುತ್ತದೆ ಎಂದು ನಿಮ್ಮ ವರದಿಗಾರರು ಕೇಳಲಿ. ಉತ್ತರ ಬರದಿದ್ದರೆ ಅದನ್ನೂ ಪ್ರಕಟಿಸಿ. ಸುದ್ದಿ ವೆಬ್‌ಸೈಟಿನ ಹೆಸರಲ್ಲಿ ಬರುವ ಬೆಟ್ಟಿಂಗ್ ಕಂಪನಿಗಳ ಜಾಹೀರಾತು ತೆಗೆದುಕೊಳ್ಳಬೇಡಿ ಎಂದು ಕೇಂದ್ರ ಸರ್ಕಾರ 2022ರಿಂದಲೂ ಹೇಳುತ್ತಿದೆ. ನಿಮ್ಮ ಕ್ರೀಡಾಪುಟದಲ್ಲಿ ಅಂಥವು ಎಂದೂ ಬರುವುದಿಲ್ಲ ಎಂದು ಓದುಗರಿಗೆ ಒಂದು ಮಾತು ಬರೆದು ಕೊಡಿ. ಸೆಬಿಯ ಎಚ್ಚರಿಕೆಯನ್ನು ಕನ್ನಡದಲ್ಲಿ ಪೂರ್ತಿ ಪ್ರಕಟಿಸಿ, ಐಪಿಎಲ್ ಶುರುವಾಗುವ ವಾರದಲ್ಲೇ ಹಾಕಿ.

ಇಂತಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ
ಶಿವಮೊಗ್ಗ