ಹೊಗೆ ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ

ಮಾನ್ಯ ಸಂಪಾದಕರೇ,

ಗಾಳಿ ಕೆಟ್ಟಿದೆ ಎಂಬ ಸುದ್ದಿ ಬಂದಾಗಲೆಲ್ಲ ಕೊನೆಯಲ್ಲೊಂದು ಸಾಲು ಇರುತ್ತದೆ: ಅಸ್ತಮಾ ಇರುವವರು ಹುಷಾರಾಗಿರಿ. ಆ ಸಾಲಿನಲ್ಲಿ ಹೃದಯದ ಕಾಯಿಲೆ ಇರುವವರನ್ನೂ ಸೇರಿಸಿ ಎಂದು ಕೇಳಿಕೊಳ್ಳಲು ಈ ಪತ್ರ.

ಎರಡು ವರ್ಷದ ಹಿಂದೆ ನಮ್ಮ ತಂದೆಗೆ ಹಾರ್ಟ್ ಅಟ್ಯಾಕ್ ಆಯಿತು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆಸ್ಪತ್ರೆಯಲ್ಲಿ ಉಪ್ಪು, ಎಣ್ಣೆ, ಶುಗರ್, ಬಿಪಿ ಎಲ್ಲ ವಿಚಾರಿಸಿದರು. ಮನೆ ಎಲ್ಲಿದೆ, ವಾಕಿಂಗ್ ಯಾವ ರಸ್ತೆಯಲ್ಲಿ ಎಂದು ಯಾರೂ ಕೇಳಲಿಲ್ಲ. ನಮ್ಮದು ಮುಖ್ಯರಸ್ತೆಗೆ ಅಂಟಿಕೊಂಡ ಮನೆ. ಬೆಳಿಗ್ಗೆ ಕಿಟಕಿ ಒರೆಸಿದರೂ ಸಂಜೆ ಮತ್ತೆ ಬಟ್ಟೆ ಕಪ್ಪಗಾಗುತ್ತದೆ. ಹೊಗೆಯಿಂದಲೇ ಅವರಿಗೆ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಒಬ್ಬರ ವಿಷಯದಲ್ಲಿ ಹಾಗೆ ಬೆರಳು ಮಾಡಿ ತೋರಿಸಲು ಆಗದು. ಆದರೂ ಕೇಳಬೇಕಾದ ಪ್ರಶ್ನೆ ಅದು, ಅಲ್ವಾ?

ಬಟ್ಟೆಗೆ ಮೆತ್ತುವ ಮಸಿಗಿಂತ ಕಣ್ಣಿಗೆ ಕಾಣದ ದೂಳೇ ಜಾಸ್ತಿ ಅಪಾಯ. ಪಿಎಂ 2.5 ಎನ್ನುವ ಕಣಗಳು ಕೂದಲೆಳೆಯ ದಪ್ಪದಲ್ಲಿ ಇಪ್ಪತ್ತನೇ ಒಂದು ಪಾಲೂ ಇರುವುದಿಲ್ಲ. ಅದಕ್ಕಿಂತ ಸಣ್ಣವು ನೇರ ರಕ್ತಕ್ಕೇ ಇಳಿಯುತ್ತವೆ. ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ತೋರಿಸಿದ ರೀತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಏನೂ ಹಾನಿ ಮಾಡದ ಚಿನ್ನದ ಅತಿಸಣ್ಣ ಕಣಗಳನ್ನು ಜನರಿಗೆ ಉಸಿರಾಡಲು ಕೊಟ್ಟರು. ಒಂದೇ ದಿನದಲ್ಲಿ ಹೆಚ್ಚಿನವರ ರಕ್ತದಲ್ಲಿ ಚಿನ್ನ ಸಿಕ್ಕಿತು. ಮೂರು ತಿಂಗಳ ಮೇಲೂ ಪೂರ್ತಿ ಹೋಗಿರಲಿಲ್ಲ. ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿದ ಕೊಬ್ಬು ತೆಗೆಸಿಕೊಳ್ಳಲಿದ್ದ ರೋಗಿಗಳಿಗೂ ಅದನ್ನೇ ಕೊಟ್ಟಿದ್ದರು. ತೆಗೆದ ಕೊಬ್ಬಿನೊಳಗೂ ಚಿನ್ನವಿತ್ತು. ಈ ಅಧ್ಯಯನ ಪ್ರಕಟವಾದದ್ದು 2017ರಲ್ಲಿ. ನಾವು ದಿನವೂ ಎಳೆದುಕೊಳ್ಳುವುದು ಚಿನ್ನವಲ್ಲ, ಡೀಸೆಲ್ ಮಸಿ.

ಅದು ರಕ್ತನಾಳದ ಒಳಪದರವನ್ನು ಕೆರಳಿಸುತ್ತದೆ. ನಾಳ ಬಿಗಿಯಾಗುತ್ತದೆ, ಬಿಪಿ ಏರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ವರ್ಷಗಟ್ಟಲೆ ಇಂಥ ಗಾಳಿ ಕುಡಿದರೆ ಬ್ಲಾಕ್ ಬೆಳೆಯುತ್ತದೆ. ಮೊದಲೇ ಬ್ಲಾಕ್ ಇದ್ದವರಿಗೆ ಗಾಳಿ ತೀರಾ ಕೆಟ್ಟ ಒಂದೆರಡು ದಿನವೇ ಸಾಕಾಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಮಿತಿಯನ್ನು ಘನಮೀಟರಿಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿದ್ದು ಸುಮ್ನೆ ಅಲ್ಲ.

ಹೊಗೆ ಕಡಿಮೆ ಮಾಡುವ ದೊಡ್ಡ ಕೆಲಸ ಆಡಳಿತದ್ದು. ವೈದ್ಯರು ಇನ್ನೊಂದು ಪ್ರಶ್ನೆ ಕೇಳಬಹುದು. ನೀವು ದಿನದ ಗಾಳಿ ಗುಣಮಟ್ಟದ ಅಂಕಿಯನ್ನು ಹವಾಮಾನದ ಪಕ್ಕದಲ್ಲೇ, ದಪ್ಪ ಅಕ್ಷರದಲ್ಲಿ ಹಾಕಬಹುದು. ತಂದೆ ಈಗ ಒಳರಸ್ತೆಯಲ್ಲಿ ನಡೆಯುತ್ತಾರೆ. ಚಪ್ಪಲಿ ಮೆಟ್ಟುವ ಮೊದಲು ಅವರು ಬಿಡಿಸುವುದು ನಿಮ್ಮ ಪತ್ರಿಕೆಯನ್ನೇ.

ಇಂತಿ,
ನಿಮ್ಮ ಓದುಗರೊಬ್ಬರು