ಕೀಲಿ ಕೊಡುವವರಿಗೂ ಕಾನೂನು ತಿಳಿಯಲಿ

ಮಾನ್ಯ ಸಂಪಾದಕರೇ,

ಸಂಜೆ ಟ್ಯೂಷನ್ ಬಿಡುವ ಹೊತ್ತಿಗೆ ಶಿರಸಿಯ ದೇವಿಕೆರೆ ಹತ್ತಿರ ನಿಂತು ನೋಡಿ. ಹತ್ತನೇ ತರಗತಿಯ ಹುಡುಗರು ಒಂದೇ ಸ್ಕೂಟರಿನಲ್ಲಿ ಮೂವರು, ಹೆಲ್ಮೆಟ್ ಇಲ್ಲ. ನಾನು ಪ್ರೌಢಶಾಲಾ ಶಿಕ್ಷಕಿ. ಪಾಲಕರ ಸಭೆಯಲ್ಲಿ ಕೇಳಿದರೆ, 'ಎಲ್ಲರ ಮನೆ ಹುಡುಗ್ರೂ ಗಾಡಿ ಹೊಡೀತಾರೆ ಅಕ್ಕೋರೆ, ನಮ್ಮೂರಿಗೆ ಬಸ್ಸೂ ಸರಿಯಾಗಿಲ್ಲ' ಎನ್ನುತ್ತಾರೆ. ಬಸ್ಸಿನ ಕಷ್ಟ ನಿಜ. ಆದರೆ ಮಗ ಬೈಕ್ ಕಲಿತದ್ದನ್ನು ನೆಂಟರ ಮುಂದೆ ಹೊಗಳಿ ಹುರುಪು ಹತ್ತಿಸುವವರು ದೊಡ್ಡವರೇ ಅಲ್ಲವೇ?

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಸಿಕ್ಕಿಬಿದ್ದರೆ ಹೊಣೆ ಪಾಲಕರದ್ದು ಅಥವಾ ವಾಹನ ಮಾಲೀಕರದ್ದು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಓದಿ ಹೇಳಿದಾಗ ಸಭೆಯಲ್ಲಿ ಬಹಳ ಜನ ಮೊದಲ ಸಲ ಕೇಳಿದವರಂತೆ ಮುಖ ನೋಡಿದರು.

ಕಾನೂನು ಅರಿವು ಕಾರ್ಯಕ್ರಮಗಳು ಶಾಲೆಗಳಲ್ಲಿ ನಡೆಯುತ್ತವೆ, ಮಕ್ಕಳು ಕೇಳುತ್ತಾರೆ. ಕೀಲಿ ಕೊಡುವ ಅಪ್ಪ, ಚಿಕ್ಕಪ್ಪ ಅಲ್ಲಿರುವುದಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯವರು ದಯವಿಟ್ಟು ಅಡಿಕೆ ಸೊಸೈಟಿಗಳ ವಾರ್ಷಿಕ ಸಭೆಗೆ, ಸ್ವಸಹಾಯ ಸಂಘಗಳಿಗೆ, ಗ್ರಾಮಸಭೆಗೆ ಬಂದು ಈ ಕಲಮನ್ನು ಓದಿ ಹೇಳಲಿ. ಸಾರಿಗೆ ಸಂಸ್ಥೆಯವರು ಬೆಳಿಗ್ಗೆ, ಸಂಜೆ ಶಾಲೆಯ ಹೊತ್ತಿಗೆ ಹಳ್ಳಿಗಳಿಗೆ ಬಸ್ಸನ್ನೂ ಬಿಡಲಿ.

– ಪ್ರೌಢಶಾಲಾ ಶಿಕ್ಷಕಿ, ಶಿರಸಿ