ಸಂಸದರೇ, ನಮ್ಮ ಅವ್ವನ ಬ್ಯಾಗ್ ತರಸಿ ಕೊಡ್ರಿ

ಕಲಬುರಗಿ ಸಂಸದರಿಗಿ ನಮಸ್ಕಾರ್ರಿ,

ನಮ್ಮ ಅವ್ವ ದುಬೈದಾಗ ಅಕ್ಕನ ಬಾಣಂತನ ಮುಗಿಸಿ ವಾಪಸ್ ಬಂದು ಇವತ್ತಿಗಿ 47 ದಿನ ಆಯ್ತು, ಆಕಿ ಬ್ಯಾಗ್ ಇನ್ನಾ ಬಂದಿಲ್ಲ. ಫೋನ್ ಮಾಡಿ, ಮೇಲ್ ಹಾಕಿ, ವಿಮಾನ ಪ್ರಯಾಣಿಕರ ದೂರಿಗಂತ ಸರ್ಕಾರ ಮಾಡಿದ ಏರ್‌ಸೇವಾದಾಗೂ ದೂರು ಕೊಟ್ಟು ಸಾಕಾಗಿ ಈಗ ಎಲ್ಲರ ಎದುರಿಗೇ ನಿಮಗ ಬರೀಲತ್ತೀನಿ. ಬ್ಯಾಗ್ ಮನೀಗಿ ತರಸಿ ಕೊಡ್ರಿ, ಇಲ್ಲಾಂದ್ರ ಕಳದದ ಅಂತ ಏರ್‌ಲೈನ್‌ನವರ ಕೈಲೆ ಬರೆಸಿ ಪರಿಹಾರ ಕೊಡಸ್ರಿ.

2019ರ ನವೆಂಬರ್ 22ಕ್ಕ ನಮ್ಮ ಊರಾಗೇ ವಿಮಾನ ನಿಲ್ದಾಣ ಶುರುವಾಯ್ತು, ಖುಷಿ ಪಟ್ಟೀವಿ, ಆದ್ರ ದುಬೈಗಿ ಹೋಗೋರಿಗಿ ಈಗೂ ಹೈದರಾಬಾದೇ ಗತಿ. ಅವತ್ತ ಅಲ್ಲಿನ ವಿಮಾನ ನಿಲ್ದಾಣ ಇರೋ ಶಂಶಾಬಾದ್‌ದಾಗ ಬೆಲ್ಟ್ ನಿಲ್ಲೋ ತನಕ ಅವ್ವ ಅಲ್ಲೇ ನಿಂತಿದ್ಳು. ಏರ್‌ಲೈನ್‌ನವರು ಬ್ಯಾಗ್ ಬಂದಿಲ್ಲ ಅನ್ನೋ ದೂರಿನ ಪಿಐಆರ್ ಫಾರ್ಮ್ ತುಂಬಿಸಿಕೊಂಡು ಎರಡ್ ದಿನದಾಗ ಮನೀಗಿ ಬರ್ತದ ಅಂದ್ರು. ಆಮ್ಯಾಲ ಯಾವಾಗ ಕೇಳಿದ್ರೂ ಹುಡುಕಲತ್ತೀವಿ ಅನ್ನೋದೊಂದೇ ಮಾತು.

12ನೇ ದಿನ ಫೋನ್ ಬಂತು, ಬ್ಯಾಗ್ ಸಿಕ್ಕದ, ನೀವೇ ಬಂದು ಒಯ್ರಿ ಅಂದ್ರು. ನಾ ರಜೆ ಹಾಕಿ, ಮೊಣಕಾಲು ನೋವಿದ್ರೂ ನಾನೂ ಬರ್ತೀನಿ ಅಂತ ಹಟ ಹಿಡಿದ ಅವ್ವನ್ನ ಕರಕೊಂಡು ರಾತ್ರಿ ಬಸ್ಸಿಗಿ ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿಗಿ ಹೋಗಿ, ಅಲ್ಲಿಂದ ಮತ್ತ ಶಂಶಾಬಾದಿಗಿ ಹೋದ್ರ ಮೂರು ತಾಸು ಕಾಯಿಸಿದ್ರು. ತಂದಿಟ್ಟ ಬ್ಯಾಗ್ ನೀಲಿನೇ ಇತ್ತು. ಅವ್ವ ಹಿಡಿಕಿ ಮ್ಯಾಲ ಕೈಯಾಡಿಸಿದ್ಳು, ಆಕಿ ಕಟ್ಟಿದ ಕೆಂಪು ಲಾಡಿ ಇರ್ಲಿಲ್ಲ. "ಇದು ನಮ್ದಲ್ಲೋ ತಮ್ಮಾ" ಅಂದ್ಳು. ಫೋನ್ ಮಾಡೋಕಿಂತ ಮೊದಲ ಟ್ಯಾಗ್ ನಂಬರ್ ಒಂದು ಹೊಂದಿಸಿ ನೋಡಬಾರದೇನ್ರಿ? ಸಾರಿ ಅಂದು ಒಳಗ ಹೋದ್ರು. ವಾಪಸ್ ಬರೋ ದಾರಿಗುಂಟ ಅವ್ವ ಒಂದ್ ಮಾತೂ ಆಡ್ಲಿಲ್ಲ, ನನಗ ಅದನ್ನ ನೋಡ್ಲಾಕ ಆಗ್ಲಿಲ್ಲ.

ಆ ಬ್ಯಾಗಿನ್ಯಾಗ ಒಂದು ಕೌದಿ ಅದರಿ. ಅಪ್ಪ ತೀರಿದ ಮ್ಯಾಲ ಅವರ ಧೋತ್ರ, ತನ್ನ ಹಳೀ ಇಳಕಲ್ ಸೀರಿ ಸೇರಿಸಿ ಅವ್ವ ಹೊಲದಿದ್ದು. ದುಬೈದಾಗ ಎಸಿ ಥಂಡಿ ಅಂತ ಒಯ್ದಿದ್ಳು, ಮೊಮ್ಮಗನ್ನ ಅದರ ಮ್ಯಾಲೇ ಮಲಗಸ್ತಿದ್ಳು. ಏರ್‌ಲೈನ್ ಫಾರ್ಮಿನ್ಯಾಗ ಎಲ್ಲಾ ಸಾಮಾನಿಗೂ ಬಿಲ್ ಹಚ್ರಿ ಅಂತ ಅದ. ಕೌದಿಗಿ ಯಾವ ಅಂಗಡಿ ಬಿಲ್ ತರಬೇಕ್ರಿ ನಾ? ಈಗ ಕಿಲೋ ಲೆಕ್ಕದಾಗ ರೊಕ್ಕ ಕೊಡ್ತೀವಿ ಅನ್ಲತ್ತಾರ, ಜ್ವಾಳ ತೂಗಿದಂಗ.

ನಿಯಮ ನಿಮಗ ನಾ ಹೇಳಬೇಕಂತಿಲ್ಲ. ದೇಶ ದೇಶದ ನಡುವಿನ ವಿಮಾನ ಪ್ರಯಾಣದ ಮಾಂಟ್ರಿಯಲ್ ಒಪ್ಪಂದದಾಗ ಭಾರತ 2009ರಿಂದ ಅದ, 21 ದಿನ ದಾಟಿದ್ರೂ ಬ್ಯಾಗ್ ಬರ್ಲಿಲ್ಲಂದ್ರ ಪ್ರಯಾಣಿಕರು ಪರಿಹಾರ ಕೇಳಬಹುದು, ಅದರಾಗ ಕಿಲೋ ಲೆಕ್ಕನೇ ಇಲ್ಲ, ಒಬ್ಬರಿಗಿ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ) ತನಕ, ಅಂದ್ರ ಒಂದೂವರೆ ಲಕ್ಷಕ್ಕೂ ಮ್ಯಾಲ ಮಿತಿ ಅದ. ಅಷ್ಟೂ ನಾ ಕೇಳಲತ್ತಿಲ್ಲ, ಹೋದ ಸಾಮಾನಿಂದು ಕೇಳಲತ್ತೀನಿ. 21 ಹೋಗಿ 47 ಆಯ್ತು, ಯಾರ್ ಕೇಳಬೇಕ್ರಿ ಇವರಿಗಿ? ನೀವಾದ್ರೂ ಕೇಳ್ರಿ. ವಿಮಾನಯಾನ ಸಚಿವಾಲಯಕ್ಕ ಒಂದು ಪತ್ರ ಬರೀರಿ, ಲೋಕಸಭೆದಾಗ ಒಂದು ಪ್ರಶ್ನಿ ಹಾಕ್ರಿ. ದುಡೀಲಾಕ ಗಲ್ಫಿಗಿ ಹೋಗಿ ಬರೋ ನಮ್ಮ ಕಡೆ ಮಂದಿ ಬ್ಯಾಗ್ ಕಳಕೊಂಡ್ರ ಶಂಶಾಬಾದ್ ತನಕ ಎಷ್ಟ ಸಲ ಅಡ್ಡಾಡಬೇಕು?

ಬ್ಯಾಗ್ ತರಸ್ರಿ, ಇಲ್ಲಾ ಕಳದದ ಅಂತ ಬರೆಸಿ ಕೊಡಸ್ರಿ. ಪಿಐಆರ್, ಬೋರ್ಡಿಂಗ್ ಪಾಸ್, ಟ್ಯಾಗ್ ಮೂರೂ ಅವ್ವನ ಟ್ರಂಕಿನ್ಯಾಗ ಜೋಪಾನ ಇಟ್ಟೀನಿ, ನಿಮ್ಮ ಆಫೀಸಿನವರು ಯಾವಾಗ ಕರದ್ರೂ ತರ್ತೀನಿ.

ಇಂತಿ,
ಕಲಬುರಗಿಯ ಒಬ್ಬ ಮತದಾರ